ಡ್ಯಾಶ್‌ಬೋರ್ಡ್ ಕೆಳಗೊಬ್ಬ ಚಾಡಿಕೋರ: ವಿಮೆ ಕಂಪನಿಯ ಡಬ್ಬಿ ಜೊತೆ ಒಂದು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ. ಎರಡು ಅಂಕ ಪ್ರೀಮಿಯಂ ನಿಜವಾಗಿಯೂ ಇಳಿದದ್ದಕ್ಕೆ. ಅರ್ಧ ಅಂಕ ಡಬ್ಬಿ ಹಾಕಿಕೊಳ್ಳುವುದು ಸುಲಭ ಇದ್ದದ್ದಕ್ಕೆ. ಉಳಿದ ಎರಡೂವರೆ ಯಾಕೆ ಕೊಡಲಿಲ್ಲ ಅಂತ ಹೇಳುವುದಕ್ಕೇ ಇಷ್ಟು ಬರೆದಿದ್ದೇನೆ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಹೋದ ವರ್ಷ ಕಾರಿನ ಪಾಲಿಸಿ ರಿನ್ಯೂ ಮಾಡುವಾಗ ಕಂಪನಿಯವರು ಆಸೆ ತೋರಿಸಿದರು. ಅವರು ಕಳಿಸುವ ಪುಟ್ಟ ಡಬ್ಬಿಯನ್ನು ಕಾರಿಗೆ ಸಿಕ್ಕಿಸಿಕೊಂಡು ಒಂದು ವರ್ಷ ನೀಟಾಗಿ ಓಡಿಸಿದರೆ ಮುಂದಿನ ಪ್ರೀಮಿಯಂನಲ್ಲಿ ಶೇ. 30ರವರೆಗೆ ಕಡಿತ. ಆ 'ವರೆಗೆ' ಇದೆಯಲ್ಲ, ಅದನ್ನು ನಾನು ಸರಿಯಾಗಿ ಓದಲಿಲ್ಲ. ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದೇ ಒಂದು ಕ್ಲೇಮ್ ಇಲ್ಲ, ನನಗೆ ಮೂವತ್ತು ಸಿಗದೆ ಇನ್ಯಾರಿಗೆ ಸಿಗಬೇಕು ಅನ್ನುವ ಜಂಬ ಬೇರೆ. ಕೊನೆಗೆ ಸಿಕ್ಕಿದ್ದು ಶೇ. 11.

ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ 'ಹಾಗಾದರೆ ಪಕ್ಕದ ಕಂಪನಿಯದು ತಗೊಳ್ಳೋಣ' ಅಂತ ನಿಮಗೆ ಅನ್ನಿಸಬಹುದು, ಆದರೆ ನಾನು ಓದಿ ತಿಳಿದಷ್ಟರಲ್ಲಿ ಈ ಡಬ್ಬಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ. ಸ್ಟಿಕ್ಕರ್ ಮಾತ್ರ ಬೇರೆ.

ಡಬ್ಬಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, ಗ್ಯಾರೇಜಿನವರು ಸ್ಕ್ಯಾನರ್ ಹಾಕುವ 16 ಪಿನ್ನಿನ ಓಬಿಡಿ ಪೋರ್ಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಅದು ಕಡ್ಡಾಯ, ಅಲ್ಲಿಂದ ಎಲ್ಲ ಕಡೆ ಹರಡಿತು. ಹೊಗೆ ಪರೀಕ್ಷೆಗೆ, ರಿಪೇರಿಗೆ ಅಂತ ಇಟ್ಟ ಕಿಂಡಿ ಅದು. ಅದೇ ಕಿಂಡಿಯಲ್ಲಿ ವಿಮೆಯವರು ಇಣುಕುತ್ತಾರೆ. ಸಿಕ್ಕಿಸಿ, ಆ್ಯಪ್ ಹಾಕಿಕೊಂಡು, ಪಾಲಿಸಿ ನಂಬರ್ ಕೊಟ್ಟರೆ ಆಯಿತು, ಐದು ನಿಮಿಷದ ಕೆಲಸ. ಆ ಐದು ನಿಮಿಷದಲ್ಲಿ 'ಒಪ್ಪಿದ್ದೇನೆ' ಅಂತ ನಾಲ್ಕು ಸಲ ಒತ್ತಿದೆ. ಏನಕ್ಕೆ ಒಪ್ಪಿದೆ ಅಂತ ಓದಿದ್ದು ಏಳು ತಿಂಗಳಾದ ಮೇಲೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು, ಯಾಕೆಂದರೆ 'ಕಾರಿನ ಬ್ಲ್ಯಾಕ್ ಬಾಕ್ಸ್' ಅಂದರೆ ಜನ ಎರಡು ಬೇರೆ ವಸ್ತುಗಳನ್ನು ಒಂದೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲನೆಯದು ಕಾರಿನ ಒಳಗೇ ಹುಟ್ಟುತ್ತಲೇ ಬಂದಿರುವುದು. ಇಡಿಆರ್ (ಇವೆಂಟ್ ಡೇಟಾ ರೆಕಾರ್ಡರ್) ಅನ್ನುತ್ತಾರೆ. ಬೇರೆ ಪೆಟ್ಟಿಗೆಯೇನಲ್ಲ, ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅಂತ ನಿರ್ಧರಿಸುವ ಕಂಪ್ಯೂಟರ್‌ನದೇ ಒಂದು ಮೂಲೆ. ಕಾರು ಓಡುತ್ತಿರುವಾಗ ಅದು ಕೊನೆಯ ಕೆಲವು ಸೆಕೆಂಡುಗಳನ್ನು ಮಾತ್ರ ನೆನಪಿಟ್ಟುಕೊಂಡು, ಹಳೆಯದನ್ನು ಅಳಿಸುತ್ತಾ ಇರುತ್ತದೆ. ಎಲ್ಲಾದರೂ ಗುದ್ದಿದರೆ ಆ ಕ್ಷಣ ಹೆಪ್ಪುಗಟ್ಟುತ್ತದೆ. ಅಮೆರಿಕದ ನಿಯಮದ ಪ್ರಕಾರ 150 ಮಿಲಿ ಸೆಕೆಂಡಿನೊಳಗೆ ವೇಗದಲ್ಲಿ ಗಂಟೆಗೆ 8 ಕಿ.ಮೀ.ನಷ್ಟು ಬದಲಾವಣೆ ಆದರೆ ಅದು ಗುದ್ದು ಅಂತ ಲೆಕ್ಕ. ಗುದ್ದುವ ಮುಂಚಿನ 5 ಸೆಕೆಂಡು ಕಾರು ಎಷ್ಟು ವೇಗದಲ್ಲಿತ್ತು, ಕಾಲು ಬ್ರೇಕ್ ಮೇಲಿತ್ತಾ ಆಕ್ಸಿಲರೇಟರ್ ಮೇಲಿತ್ತಾ, ಚಾಲಕ ಸೀಟ್‌ಬೆಲ್ಟ್ ಹಾಕಿದ್ದನಾ, ಏರ್‌ಬ್ಯಾಗ್ ಎಷ್ಟು ಹೊತ್ತಿಗೆ ಬಿಚ್ಚಿತು. ಇಷ್ಟೇ. ಯಾವ ಊರು, ಯಾವ ರಸ್ತೆ, ಕಾರಿನಲ್ಲಿ ಏನು ಮಾತಾಡುತ್ತಿದ್ದಿರಿ ಅನ್ನುವುದು ಅದಕ್ಕೆ ಬೇಕಿಲ್ಲ. ಯುರೋಪಿನಲ್ಲಿ 2022ರ ಜುಲೈಯಿಂದ ಹೊಸ ಮಾಡೆಲ್‌ಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಲ್ಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಹನದ ಗುರುತು ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಅದು ಉಳಿಸಿಕೊಳ್ಳಲೇಬಾರದು ಅಂತ ಬರೆದಿದ್ದಾರೆ, ಯಾರ ಕಾರು ಅಂತ ಗೊತ್ತಾಗಬಾರದಲ್ಲ, ಅದಕ್ಕೆ.

ಈ ಮೊದಲನೆಯ ಡಬ್ಬಿಯ ಬಗ್ಗೆ ನನಗೆ ತಕರಾರಿಲ್ಲ. ನಿಜ ಹೇಳಬೇಕೆಂದರೆ ಗೌರವವೇ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೆಫ್ಟಿನೆಂಟ್ ಗವರ್ನರ್ ಟಿಮ್ ಮರೆ 2011ರ ನವೆಂಬರ್‌ನಲ್ಲಿ ಸರ್ಕಾರಿ ಕಾರು ಗುದ್ದಿಸಿಕೊಂಡರು. ಬೆಲ್ಟ್ ಹಾಕಿದ್ದೆ, ವೇಗ ಮಿತಿಯಲ್ಲೇ ಇತ್ತು ಅಂದಿದ್ದರು. ಕಾರಿನ ಡಬ್ಬಿ ತೆಗೆದು ಓದಿದರೆ ವೇಗ ಗಂಟೆಗೆ 108 ಮೈಲಿ ಮುಟ್ಟಿತ್ತು, ಅಂದರೆ 170 ಕಿ.ಮೀ. ದಾಟಿತ್ತು, ಬೆಲ್ಟೂ ಹಾಕಿರಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು ನ್ಯೂಜೆರ್ಸಿಯ ಗವರ್ನರ್ ಜಾನ್ ಕಾರ್ಜೈನ್ ಅವರ ಗಾಡಿ ಅಪಘಾತಕ್ಕೆ ಸಿಕ್ಕಾಗಲೂ ಅದೇ ಕಥೆ, 65 ಮೈಲಿ ಮಿತಿಯ ರಸ್ತೆಯಲ್ಲಿ 91. ದೊಡ್ಡವರು, ಚಿಕ್ಕವರು ಅಂತ ಅದು ಮುಖ ನೋಡುವುದಿಲ್ಲ. ನಾಳೆ ಯಾರೋ ನನ್ನ ಕಾರಿಗೆ ಗುದ್ದಿ, ಅವನೇ ಜೋರಾಗಿ ಬಂದ ಅಂತ ನನ್ನ ಮೇಲೆ ಹೇಳಿದರೆ ನನ್ನ ಪರವಾಗಿ ಮಾತಾಡುವುದೂ ಅದೇ ಡಬ್ಬಿ. (ಅದು ಹೇಳಿದ್ದೆಲ್ಲ ವೇದವಾಕ್ಯ ಅಂತಲ್ಲ. ವೇಗವನ್ನು ಅದು ಸಾಮಾನ್ಯವಾಗಿ ಚಕ್ರದ ಲೆಕ್ಕದಿಂದ ತಿಳಿಯುತ್ತದೆ. ಚಕ್ರ ಕಚ್ಚಿಕೊಂಡು ಕಾರು ಜಾರುತ್ತಿದ್ದರೆ ಕಾರಿನ ನಿಜವಾದ ವೇಗ ಒಂದು, ಚಕ್ರ ಹೇಳುವುದು ಇನ್ನೊಂದು. ಓದುವವನಿಗೆ ಅದು ಗೊತ್ತಿರಬೇಕು.)

ಮುಖ್ಯವಾದ ಮಾತೆಂದರೆ ಅದು ಕಾರಿನಲ್ಲೇ ಇರುತ್ತದೆ. ಓದಬೇಕಾದರೆ ಯಾರಾದರೂ ಬಂದು, ಅದಕ್ಕೇ ಅಂತ ಇರುವ ಉಪಕರಣ ಹಾಕಿ ಓದಬೇಕು. ಅಮೆರಿಕದಲ್ಲಿ 2015ರ ಡ್ರೈವರ್ ಪ್ರೈವೆಸಿ ಕಾಯ್ದೆ ಆ ಮಾಹಿತಿ ಕಾರಿನ ಮಾಲೀಕನದು ಅಥವಾ ಲೀಸ್‌ಗೆ ತೆಗೆದುಕೊಂಡವನದು ಅಂತ ನೇರವಾಗಿ ಹೇಳುತ್ತದೆ. ಕೋರ್ಟಿನ ಆದೇಶ, ನಿಮ್ಮ ಒಪ್ಪಿಗೆ, ಇಂಥ ಕೆಲವು ಸಂದರ್ಭ ಬಿಟ್ಟರೆ ಬೇರೆಯವರು ಮುಟ್ಟುವಂತಿಲ್ಲ. ಈಗ ಅಲ್ಲಿ 5 ಸೆಕೆಂಡನ್ನು 20 ಸೆಕೆಂಡಿಗೆ ಏರಿಸುವ ನಿಯಮ 2024ರ ಡಿಸೆಂಬರ್‌ನಲ್ಲಿ ಬಂದಿದೆ, ಸೆಕೆಂಡಿಗೆ 2 ಸಲದ ಬದಲು 10 ಸಲ ಬರೆದುಕೊಳ್ಳಬೇಕು. ಇಪ್ಪತ್ತು ಸೆಕೆಂಡು ಆದರೂ ಆಗಲಿ, ಪರವಾಗಿಲ್ಲ.

ಎರಡನೆಯದು, ಅಂದರೆ ನಾನು ಕೈಯಾರೆ ಸಿಕ್ಕಿಸಿಕೊಂಡದ್ದು, ಬೇರೆ ಜಾತಿಯ ಪ್ರಾಣಿ. ಅಪಘಾತ ಆಗಲಿ ಬಿಡಲಿ, ಅದು ಬರೆದುಕೊಳ್ಳುತ್ತಲೇ ಇರುತ್ತದೆ. ಕಾರು ಸ್ಟಾರ್ಟ್ ಆದದ್ದು, ನಿಂತದ್ದು, ಎಷ್ಟು ದೂರ, ಎಷ್ಟು ಹೊತ್ತಿಗೆ, ಎಲ್ಲಿ ಬ್ರೇಕ್, ಎಲ್ಲಿ ತಿರುವು. ಒಳಗೆ ಸಿಮ್ ಇದೆ, ಜಿಪಿಎಸ್ ಇದೆ. ಬರೆದದ್ದನ್ನೆಲ್ಲ ಕಳಿಸುತ್ತದೆ. ಇದು ಗೊತ್ತಿಲ್ಲದೆ ತೆಗೆದುಕೊಂಡೆ ಅಂತ ಹೇಳುವುದಿಲ್ಲ. ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ದಿನಾ ರಾತ್ರಿ ಆ್ಯಪ್‌ನಲ್ಲಿ ನಿಮ್ಮ ದಿನವನ್ನು ನಕ್ಷೆ ಮೇಲೆ ನೀಲಿ ಗೆರೆಯಾಗಿ ನೋಡುವುದು ಬೇರೆ.

ಈಗ ಸ್ಕೋರ್ ವಿಷಯ. ನೂರರಿಂದ ಶುರು. ಜೋರಾಗಿ ಬ್ರೇಕ್ ಹಾಕಿದರೆ ಕಡಿತ, ಜೋರಾಗಿ ವೇಗ ಏರಿಸಿದರೆ ಕಡಿತ, ತಿರುವಿನಲ್ಲಿ ವಾಲಿದರೆ ಕಡಿತ, ನಡುರಾತ್ರಿ ಓಡಿಸಿದರೆ ಕಡಿತ. 'ಜೋರು' ಅಂದರೆ ಎಷ್ಟು ಅಂತ ಕೇಳಿದರೆ ನನ್ನ ಕಂಪನಿ ಹೇಳಲಿಲ್ಲ, ವ್ಯಾಪಾರದ ಗುಟ್ಟಂತೆ. ಅಮೆರಿಕದ ಪ್ರೋಗ್ರೆಸಿವ್ ಕಂಪನಿ ತನ್ನ ಸ್ನ್ಯಾಪ್‌ಶಾಟ್ ಯೋಜನೆಗೆ ಈ ಲೆಕ್ಕವನ್ನು ಬಹಿರಂಗವಾಗಿಯೇ ಹೇಳಿತ್ತು: ಒಂದು ಸೆಕೆಂಡಿನಲ್ಲಿ ವೇಗ ಗಂಟೆಗೆ 7 ಮೈಲಿಗಿಂತ, ಅಂದರೆ ಸುಮಾರು 11 ಕಿ.ಮೀ.ಗಿಂತ ಜಾಸ್ತಿ ಇಳಿದರೆ ಅದು ಜೋರು ಬ್ರೇಕ್. ಸ್ವಲ್ಪ ಲೆಕ್ಕ ಹಾಕಿ. 50ರಲ್ಲಿ ಹೋಗುತ್ತಿದ್ದವನು ನಾಲ್ಕೂವರೆ ಸೆಕೆಂಡಿಗಿಂತ ಬೇಗ ನಿಂತರೆ ತಪ್ಪಿತಸ್ಥ. ಒಣ ರಸ್ತೆಯಲ್ಲಿ ಈಗಿನ ಕಾರುಗಳು ಅದರ ಎರಡರಷ್ಟು ಬಲವಾಗಿ ಆರಾಮಾಗಿ ನಿಲ್ಲುತ್ತವೆ. ಅಂದರೆ ಇದು ಪ್ರಾಣ ಉಳಿಸಿಕೊಳ್ಳುವ ಬ್ರೇಕ್ ಅಲ್ಲ, ಪಕ್ಕದಲ್ಲಿ ಕೂತವರು 'ನಿಧಾನ' ಅನ್ನುವಂಥ ಬ್ರೇಕ್.

ತರ್ಕ ಇಲ್ಲದ್ದಲ್ಲ. ದಿನಕ್ಕೆ ಹತ್ತು ಸಲ ಹಾಗೆ ಬ್ರೇಕ್ ಹಾಕುವವನು ಮುಂದಿನ ಗಾಡಿಯ ಬೆನ್ನಿಗೇ ಅಂಟಿಕೊಂಡು ಹೋಗುತ್ತಿರುತ್ತಾನೆ, ಇಲ್ಲವೇ ಮೊಬೈಲ್ ನೋಡುತ್ತಿರುತ್ತಾನೆ. ನನ್ನ ಮೊದಲ ತಿಂಗಳ ಸ್ಕೋರ್ 71. ನಾನು ಎಷ್ಟು ಹತ್ತಿರ ಹೋಗುತ್ತಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಅಂತರ ಬಿಡುವುದು ಕಲಿತೆ, ಮೂರನೇ ತಿಂಗಳಿಗೆ 84 ಬಂತು. ಇದು ಡಬ್ಬಿಯ ಉಪಕಾರ, ಮರೆಯುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ಇನ್ನೊಂದು ಚಟ. ಸ್ಕೋರ್ ಉಳಿಸಿಕೊಳ್ಳುವ ಚಟ. ಸಿಗ್ನಲ್ ಹತ್ತಿರ ಬರುತ್ತಿದ್ದೇನೆ, ಹಳದಿ ಬಿತ್ತು. ಬ್ರೇಕ್ ಹಾಕಿದರೆ ನಿಲ್ಲಬಹುದು, ಆದರೆ ಸ್ವಲ್ಪ ಜೋರಾಗಿ ಹಾಕಬೇಕು. ಹಾಕಿದರೆ ಅಂಕ ಹೋಗುತ್ತದೆ. ಹಾಕದೆ ನುಗ್ಗಿದರೆ? ಡಬ್ಬಿಗೆ ಕಣ್ಣಿಲ್ಲ, ದೀಪದ ಬಣ್ಣ ಅದಕ್ಕೆ ಕಾಣುವುದಿಲ್ಲ. ನಾನು ನುಗ್ಗಿದೆ. ಒಂದು ಸಲ ಅಲ್ಲ, ಎಷ್ಟೋ ಸಲ. ಇಪ್ಪತ್ತು ವರ್ಷದಲ್ಲಿ ಮಾಡದ ಕೆಲಸವನ್ನು 'ಸುರಕ್ಷಿತ ಚಾಲಕ' ಅನ್ನಿಸಿಕೊಳ್ಳಲು ಮಾಡಿದೆ. ಆ ತಿಂಗಳು ಆ್ಯಪ್ ನನಗೆ ಹಸಿರು ಎಲೆ ಚಿತ್ರ ಕಳಿಸಿ ಅಭಿನಂದಿಸಿತು.

ಇದರ ತಲೆಕೆಳಗಿನದ್ದೂ ಆಯಿತು. ಒಂದು ಮಂಗಳವಾರ ಬೆಳಗ್ಗೆ ಮುಂದೆ ಹೋಗುತ್ತಿದ್ದ ಪಿಕಪ್‌ನಿಂದ ಅಲ್ಯೂಮಿನಿಯಂ ಏಣಿ ಜಾರಿ ರಸ್ತೆಗೆ ಅಡ್ಡ ಬಿತ್ತು. ನಾನು ಬ್ರೇಕ್ ಮೇಲೆ ನಿಂತೇಬಿಟ್ಟೆ, ಕಾರು ಏಣಿಗೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಹಿಂದಿನವನೂ ಅಂತರ ಬಿಟ್ಟಿದ್ದ, ಪುಣ್ಯಾತ್ಮ. ಪಿಕಪ್‌ನವನು ಓಡಿ ಬಂದು ಎರಡೂ ಕೈ ಮುಗಿದ. ಸಂಜೆ ಆ್ಯಪ್ ತೆರೆದರೆ ಕೆಂಪು ಚುಕ್ಕೆ: 'ಬೆಳಗ್ಗೆ 8.42, ತೀವ್ರ ಬ್ರೇಕ್, ಅಂಕ ಕಡಿತ. ಸಲಹೆ: ಮುಂದಿನ ರಸ್ತೆಯನ್ನು ಗಮನಿಸಿ.' ಗಮನಿಸಿದ್ದಕ್ಕೇ ಅಲ್ವಾ ಮಾರಾಯಾ ನಿಂತದ್ದು!

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದಳು. "ಸರ್, ನಿಮಗೇನೂ ಆಗಿಲ್ಲ ತಾನೇ ಸರ್?" ಅಂತ ಮೊದಲು ಕೇಳಿದಳು, ಅದಕ್ಕೆ ಅವಳಿಗೆ ಬೇರೆ ಐದು ಅಂಕ. ಆದರೆ ಅಂಕ ತಿದ್ದಲು ಬರುವುದಿಲ್ಲವಂತೆ. "ಅದು ಸಿಸ್ಟಮ್ ತಾನಾಗೇ ಹಾಕೋದು ಸರ್, ನಮ್ಮ ಕೈಯಲ್ಲಿಲ್ಲ." ಯಾರ ಕೈಯಲ್ಲಿದೆ ಅಂತ ಕೇಳಿದೆ. ಹೋಲ್ಡ್‌ನಲ್ಲಿಟ್ಟಳು, ಸಂಗೀತ ಕೇಳಿಸಿತು, ಲೈನ್ ಕಟ್ ಆಯಿತು.

ಸಣ್ಣಪುಟ್ಟ ಕಿರಿಕಿರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸರ್ವಿಸ್‌ಗೆ ಬಿಟ್ಟಾಗ ಗ್ಯಾರೇಜಿನವರಿಗೆ ಅದೇ ಪೋರ್ಟ್ ಬೇಕು, ಡಬ್ಬಿ ಕಿತ್ತರು, ಕೂಡಲೇ ನನಗೆ 'ಸಾಧನವನ್ನು ತೆಗೆಯಲಾಗಿದೆ, ಇದು ನಿಮ್ಮ ರಿಯಾಯಿತಿಯ ಮೇಲೆ ಪರಿಣಾಮ ಬೀರಬಹುದು' ಅಂತ ಬೆದರಿಕೆ. ಮತ್ತೆ ಹಾಕಿ ಟ್ರಯಲ್ ನೋಡಿದರು, ಬ್ರೇಕ್ ಚೆಕ್ ಮಾಡಲು ನಾಲ್ಕು ಸಲ ಗಕ್ಕನೆ ನಿಲ್ಲಿಸಿದರು, ನಾಲ್ಕೂ ನನ್ನ ಖಾತೆಗೆ. ಮೂರು ವಾರ ಕಾರು ಮುಟ್ಟದೆ ಬಿಟ್ಟಾಗ ಬ್ಯಾಟರಿ ಕೂತಿತ್ತು, ಮೆಕ್ಯಾನಿಕ್ ಬಂದವನೇ ಬಾನೆಟ್ ಎತ್ತುವ ಮೊದಲು ಬಗ್ಗಿ ಡಬ್ಬಿ ಇದೆಯಾ ಅಂತ ನೋಡಿದ. ಅವನಿಗೆ ಇದು ಹೊಸದಲ್ಲ ಅನ್ನಿಸುತ್ತದೆ.

ನನಗೆ ನಿಜಕ್ಕೂ ನಾಚಿಕೆಯಾದದ್ದು ಬೇರೆ ವಿಷಯಕ್ಕೆ. ಕಾರು ನನ್ನ ಹೆಂಡತಿಯೂ ಓಡಿಸುತ್ತಾಳೆ. ಆ್ಯಪ್ ಇರುವುದು ನನ್ನ ಫೋನಿನಲ್ಲಿ. ಒಂದು ರಾತ್ರಿ ಸ್ಕೋರ್ ಯಾಕೆ ಇಳಿಯಿತು ಅಂತ ನೋಡುತ್ತಾ ನೋಡುತ್ತಾ, ತಲೆ ಎತ್ತದೆ ಕೇಳಿದೆ, "ಮಧ್ಯಾಹ್ನ ಒಂದೂವರೆ ಗಂಟೆ ಎಲ್ಲಿ ನಿಲ್ಲಿಸಿದ್ದೆ ಕಾರು?" ಕೇಳಿದ್ದು ಏನೂ ಇಲ್ಲದ ದನಿಯಲ್ಲೇ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಇದನ್ನ ಕಾರಿಗೆ ಹಾಕಿದ್ದೋ, ನನಗೆ ಹಾಕಿದ್ದೋ?" ಅವಳು ಹೋಗಿದ್ದು ತನ್ನ ಗೆಳತಿಯ ಮನೆಗೆ. ಅದು ಮುಖ್ಯ ಅಲ್ಲ, ಎಲ್ಲಿಗೆ ಹೋಗಿದ್ದರೂ ಆ ಪ್ರಶ್ನೆ ನನ್ನ ಬಾಯಿಗೆ ಬರಬಾರದಿತ್ತು. ನಾಲ್ಕು ಸಲ 'ಒಪ್ಪಿದ್ದೇನೆ' ಒತ್ತಿದವನು ನಾನು. ಅವಳನ್ನು ಯಾರೂ ಕೇಳಲೇ ಇಲ್ಲ. ನಾನೂ ಕೇಳಿರಲಿಲ್ಲ.

ಆ ರಾತ್ರಿಯೇ ಕೂತು ಷರತ್ತುಗಳನ್ನು ಓದಿದ್ದು. ಮೂವತ್ತೊಂದು ಪುಟ. ನಾನು ಹುಡುಕುತ್ತಿದ್ದದ್ದು ಒಂದೇ, ಈ ನೀಲಿ ಗೆರೆಗಳನ್ನು ಇನ್ಯಾರು ನೋಡುತ್ತಾರೆ ಅಂತ. 'ನಮ್ಮ ಸೇವೆಯನ್ನು ಉತ್ತಮಪಡಿಸಲು ನೆರವಾಗುವ ಪಾಲುದಾರರು' ಅಂತ ಒಂದು ಸಾಲು ಸಿಕ್ಕಿತು. ಯಾರು ಆ ಪಾಲುದಾರರು? ಪಟ್ಟಿ ಇಲ್ಲ.

ಇದು ಬರೀ ನನ್ನ ಸಂಶಯದ ಬುದ್ಧಿ ಅಂದುಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತು. ಅಮೆರಿಕದ ಒಬ್ಬ ಚಾಲಕ, ಷೆವರ್ಲೆ ಬೋಲ್ಟ್ ಕಾರಿನವನು, ತಾನು ಒಂದೂ ಅಪಘಾತ ಮಾಡದಿದ್ದರೂ ಪ್ರೀಮಿಯಂ ಶೇ. 21 ಏರಿದ್ದು ಯಾಕೆ ಅಂತ ಹುಡುಕಿಕೊಂಡು ಹೋದ. ಲೆಕ್ಸಿಸ್‌ನೆಕ್ಸಿಸ್ ಅನ್ನುವ ಮಾಹಿತಿ ವ್ಯಾಪಾರದ ಕಂಪನಿಯಿಂದ ತನ್ನ ಕಡತ ತರಿಸಿದರೆ 258 ಪುಟ ಬಂತು. ಆರು ತಿಂಗಳಲ್ಲಿ ಅವನೂ ಅವನ ಹೆಂಡತಿಯೂ ಓಡಾಡಿದ 640 ಟ್ರಿಪ್, ಹೊರಟ ಹೊತ್ತು, ಮುಟ್ಟಿದ ಹೊತ್ತು, ದೂರ, ಜೋರು ಬ್ರೇಕ್, ಎಲ್ಲ. ಅವನು ನನ್ನ ಹಾಗೆ ಡಬ್ಬಿ ಸಿಕ್ಕಿಸಿಕೊಂಡಿರಲಿಲ್ಲ ಅನ್ನುವುದನ್ನು ಗಮನಿಸಿ. ಕಾರು ತಯಾರಿಸಿದ ಜನರಲ್ ಮೋಟರ್ಸ್‌ನ ಆನ್‌ಸ್ಟಾರ್ ಸ್ಮಾರ್ಟ್ ಡ್ರೈವರ್ ಸೇವೆಯಿಂದ ಹೋದದ್ದು ಅದು. ವರದಿ ಬಂದ ಕೆಲವೇ ದಿನಗಳಲ್ಲಿ ಆ ಕಂಪನಿ ಮಾಹಿತಿ ಹಂಚಿಕೊಳ್ಳುವುದನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಈ ಥರದ ಮಾಹಿತಿಯನ್ನು ಐದು ವರ್ಷ ಲೆಕ್ಸಿಸ್‌ನೆಕ್ಸಿಸ್‌ನಂಥ ಕಂಪನಿಗಳಿಗೆ ಕೊಡುವಂತಿಲ್ಲ ಅನ್ನುವ ಆದೇಶ ಪ್ರಸ್ತಾಪಿಸಿತು. ಕೆಲವು ಸಲ ಮೂರು ಸೆಕೆಂಡಿಗೊಮ್ಮೆ ಕಾರು ಎಲ್ಲಿದೆ ಅಂತ ತೆಗೆದುಕೊಳ್ಳುತ್ತಿದ್ದರಂತೆ. ಮೂರು ಸೆಕೆಂಡು!

ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾದವರು 2023ರಲ್ಲಿ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನೀತಿ ಓದಿ ನೋಡಿದ್ದರು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಫೇಲ್. ಅವರು ಅಲ್ಲಿಯವರೆಗೆ ಪರೀಕ್ಷಿಸಿದ ವಸ್ತುಗಳಲ್ಲೇ ಕಾರು ಎಲ್ಲಕ್ಕಿಂತ ಕಡೆ.

ನನ್ನ ಗೆಳೆಯನೊಬ್ಬ ವಾದ ಮಾಡಿದ, ಜಿಪಿಎಸ್ ಇಲ್ಲದ ಡಬ್ಬಿ ತಗೊಂಡರೆ ಆಯಿತಲ್ಲ, ಬರೀ ವೇಗ ಹೋದರೆ ಏನಾಗುತ್ತದೆ ಅಂತ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕಾರು ಹೊರಟ ಜಾಗ ಗೊತ್ತಿದ್ದು, ಕ್ಷಣಕ್ಷಣದ ವೇಗ ಕೈಯಲ್ಲಿದ್ದರೆ, ರಸ್ತೆ ನಕ್ಷೆಯ ಮೇಲೆ ಅದನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿ ಎಷ್ಟೋ ಸಲ ಎಲ್ಲಿಗೆ ಹೋದ ಅಂತ ಅಂದಾಜು ಮಾಡಬಹುದು. ಯೋಚನೆ ಮಾಡಿದರೆ ಸರಳ. ಎಡಕ್ಕೆ ತಿರುಗುವಾಗ ನಿಧಾನ ಆಗಲೇಬೇಕು, ಸಿಗ್ನಲ್‌ನಲ್ಲಿ ನಿಲ್ಲಲೇಬೇಕು, ಹೆದ್ದಾರಿಯಲ್ಲಿ ಏರಲೇಬೇಕು. ಹೊರಟ ಜಾಗ ಅಂತೂ ಅವರಿಗೆ ಗೊತ್ತೇ ಇದೆ, ಪಾಲಿಸಿ ಮೇಲೆ ಮನೆ ವಿಳಾಸ ಬರೆದುಕೊಟ್ಟಿದ್ದೀರಲ್ಲ.

ಇನ್ನು ಕಳ್ಳರ ವಿಷಯ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊದವರು ಇಂಥದ್ದೇ ಒಂದು ಡಾಂಗಲ್‌ಗೆ ಎಸ್‌ಎಂಎಸ್ ಕಳಿಸಿ ಕಾರ್ವೆಟ್ ಕಾರಿನ ವೈಪರ್ ಓಡಿಸಿದರು, ಬ್ರೇಕ್ ಹಾಕಿಸಿದರು, ನಿಧಾನ ವೇಗದಲ್ಲಿ ಬ್ರೇಕ್ ಕೆಲಸ ಮಾಡದ ಹಾಗೂ ಮಾಡಿದರು. ಆ ದೋಷ ಆಮೇಲೆ ಸರಿ ಮಾಡಿದರು ಅನ್ನಿ. ಆದರೂ ವಿಷಯ ತಿಳಿದ ಮೇಲೆ ನನ್ನ ಕಾಲು ಆ ಡಬ್ಬಿಗೆ ತಗುಲಿದಾಗಲೆಲ್ಲ ಒಂಥರಾ ಆಗುತ್ತಿತ್ತು. ಓಬಿಡಿ ಪೋರ್ಟ್ ಬರೀ ಕೇಳಿಸಿಕೊಳ್ಳುವ ಕಿವಿಯಲ್ಲ, ಅದಕ್ಕೆ ಬಾಯಿಯೂ ಇದೆ. ಆ ಪೋರ್ಟಿನಿಂದ ಕಾರಿಗೆ ಮಾತು ಹೇಳಲೂಬಹುದು.

ಹಾಗಾದರೆ ಈ ವ್ಯವಸ್ಥೆಯೇ ಕೆಟ್ಟದ್ದಾ? ನನ್ನ ಅಕ್ಕನ ಮಗನನ್ನು ಕೇಳಿದರೆ ಅಲ್ಲ ಅನ್ನುತ್ತಾನೆ. ಅವನಿಗೆ ಹತ್ತೊಂಬತ್ತು. ಲೈಸೆನ್ಸ್ ಬಂದು ವರ್ಷ ಆಗಿಲ್ಲ. ಅವನ ವಯಸ್ಸಿನವರಿಗೆ ಅವನಿರುವ ಕಡೆ ಪ್ರೀಮಿಯಂ ಕೇಳಿದರೆ ತಲೆ ತಿರುಗುತ್ತದೆ, ಯಾಕೆಂದರೆ ವಿಮೆ ಕಂಪನಿಗೆ ಅವನು ಅವನಲ್ಲ, 'ಹತ್ತೊಂಬತ್ತರ ಹುಡುಗರು' ಅನ್ನುವ ಒಂದು ಗುಂಪು. "ಮಾವ, ನಾನು ಹೇಗೆ ಓಡಿಸ್ತೀನಿ ಅಂತ ತೋರಿಸೋಕೆ ನನಗಿರೋದು ಇದೊಂದೇ ದಾರಿ" ಅಂದ. ಸರಿಯೇ. ಯುರೋಪಿಯನ್ ನ್ಯಾಯಾಲಯ 2011ರಲ್ಲಿ, ಗಂಡು ಹೆಣ್ಣು ಅಂತ ನೋಡಿ ಬೇರೆ ಬೇರೆ ಪ್ರೀಮಿಯಂ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿತು, 2012ರ ಡಿಸೆಂಬರ್ 21ರಿಂದ ಜಾರಿಗೆ ಬಂತು. ಆಗ ಬ್ರಿಟನ್‌ನಲ್ಲಿ ಹೊಸ ಹುಡುಗ ಹುಡುಗಿಯರಿಗೆ ಈ ಡಬ್ಬಿ ಪಾಲಿಸಿಗಳು ಇನ್ನೂ ಜೋರಾಗಿ ಹಬ್ಬಿದವು. ಜಾತಕ ನೋಡಿ ಹೇಳುವ ಬದಲು ನಡತೆ ನೋಡಿ ಹೇಳುವುದು ನ್ಯಾಯ ಅಲ್ವಾ? ಕಡಿಮೆ ಓಡಿಸುವವರಿಗೂ ಇದರಲ್ಲಿ ಲಾಭ ಇದೆ. ವಾರಕ್ಕೊಮ್ಮೆ ಕಾರು ತೆಗೆಯುವ ನಿವೃತ್ತರು, ದಿನಾ ನೂರು ಕಿ.ಮೀ. ಓಡಿಸುವವರ ರಿಸ್ಕಿಗೆ ಯಾಕೆ ದುಡ್ಡು ಕಟ್ಟಬೇಕು? ಭಾರತದಲ್ಲೂ ವಿಮಾ ನಿಯಂತ್ರಕ ಐಆರ್‌ಡಿಎಐ 2022ರ ಜುಲೈನಲ್ಲಿ 'ಓಡಿಸಿದಷ್ಟಕ್ಕೆ ಕಟ್ಟಿ', 'ಓಡಿಸುವ ರೀತಿಗೆ ತಕ್ಕಂತೆ ಕಟ್ಟಿ' ಅನ್ನುವ ಆ್ಯಡ್-ಆನ್‌ಗಳಿಗೆ ಅನುಮತಿ ಕೊಟ್ಟದ್ದು ಇದೇ ತರ್ಕದ ಮೇಲೆ.

ಈ ಎರಡರಲ್ಲಿ ನನಗೆ ಮೊದಲನೆಯದು ಇಷ್ಟ. ಎಷ್ಟು ದೂರ ಅಂತ ತಿಳಿಯಲು ಓಡೋಮೀಟರ್ ಸಾಕು. ವರ್ಷಕ್ಕೊಮ್ಮೆ ಫೋಟೊ ತೆಗೆದು ಕಳಿಸಿದರೆ ಮುಗಿಯಿತು. ಎಲ್ಲಿ, ಯಾವಾಗ, ಯಾರ ಮನೆ ಮುಂದೆ ಅನ್ನುವುದು ಬೇಡ. ರೀತಿ ನೋಡಲೇಬೇಕು ಅಂದರೂ, ಲೆಕ್ಕವನ್ನು ಡಬ್ಬಿಯ ಒಳಗೇ ಮಾಡಿ ತಿಂಗಳಿಗೊಂದು ಸಂಖ್ಯೆ ಮಾತ್ರ ಹೊರಗೆ ಕಳಿಸಬಹುದಲ್ಲ? ಇಡಿಆರ್ ಮಾಡುವುದು ಹಾಗೇ ತಾನೇ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ಅಳಿಸಿಬಿಡುತ್ತದೆ. ಅದು ಸಾಧ್ಯವಿದ್ದೂ ಇವರು ಎಲ್ಲವನ್ನೂ ತಮ್ಮಲ್ಲಿಗೆ ತರಿಸಿಕೊಳ್ಳುತ್ತಾರೆ ಅಂದರೆ, ಸ್ಕೋರ್ ಹಾಕುವುದಕ್ಕಿಂತ ಬೇರೆ ಉಪಯೋಗವೂ ಅವರ ತಲೆಯಲ್ಲಿದೆ ಅಂತ ನಾನು ಊಹಿಸಿದರೆ ತಪ್ಪಾ?

ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಅದಕ್ಕೇ ಇಲ್ಲಿ ಹೇಳಿಬಿಡುತ್ತೇನೆ. ತಪ್ಪು ಮಾಡದವನಿಗೆ ಭಯ ಯಾಕೆ? ಏಣಿ ಬಿದ್ದ ದಿನ ನಾನು ಮಾಡಿದ ತಪ್ಪೇನು ಹೇಳಿ. ರಾತ್ರಿ ಎರಡು ಗಂಟೆಗೆ ಪಾಳಿ ಮುಗಿಸಿ ಮನೆಗೆ ಹೋಗುವ ನರ್ಸ್ ಮಾಡಿದ ತಪ್ಪೇನು? ಅವಳ ಸ್ಕೋರ್ ನನಗಿಂತ ಕಡಿಮೆ ಇರುತ್ತದೆ, ಅವಳು ನನಗಿಂತ ಚೆನ್ನಾಗಿ ಓಡಿಸಿದರೂ. ರಾತ್ರಿ ರಸ್ತೆಯಲ್ಲಿ ಅಪಾಯ ಜಾಸ್ತಿ ಅನ್ನುವುದು ಒಟ್ಟು ಲೆಕ್ಕದಲ್ಲಿ ನಿಜ. ಆದರೆ ಹಾಗೆ ನೋಡಿದರೆ ಅವಳನ್ನು ಮತ್ತೆ ಒಂದು ಗುಂಪಿಗೇ ಸೇರಿಸಿದ ಹಾಗಾಯಿತಲ್ಲ, ಯಾವುದನ್ನು ತಪ್ಪಿಸುತ್ತೇವೆ ಅಂತ ಡಬ್ಬಿ ಮಾರಿದರೋ ಅದೇ.

ರಿನ್ಯೂವಲ್ ಬಂತು. ಕೊನೆಯ ಸ್ಕೋರ್ 82, ಕಡಿತ ಶೇ. 11. ಮುಂದಿನ ವರ್ಷವೂ ಡಬ್ಬಿ ಇಟ್ಟುಕೊಂಡರೆ ಸ್ಕೋರ್ ನೋಡಿ ಏರಿಸುವ ಹಕ್ಕೂ ಅವರಿಗೆ ಇರುತ್ತದೆ ಅಂತ ಈ ಸಲ ಸಣ್ಣ ಅಕ್ಷರದಲ್ಲಿ ಸೇರಿಸಿದ್ದರು. ಮೊದಲ ವರ್ಷ ಬರೀ ಇಳಿಕೆ, ಎರಡನೇ ವರ್ಷದಿಂದ ಏರಿಕೆಯೂ. ನಾನು ಬೇಡ ಅಂದೆ. ಹೊಸ ಡ್ರೈವರ್ ಇರುವ ಮನೆಯವರು, ತೀರಾ ಕಡಿಮೆ ಓಡಿಸುವವರು ಒಂದು ವರ್ಷದ ಮಟ್ಟಿಗೆ ನೋಡಬಹುದು. ಕಾರನ್ನು ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಓಡಿಸುತ್ತಿದ್ದರೆ ಮೊದಲು ಅವರೆಲ್ಲರನ್ನು ಕೇಳಿ, ಆಮೇಲೆ ಸಿಕ್ಕಿಸಿ.

ಬಿಡುವಾಗ ನನ್ನ ಒಂದು ವರ್ಷದ ಮಾಹಿತಿ ಪೂರ್ತಿ ಕೊಡಿ, ಆಮೇಲೆ ಅಳಿಸಿ ಅಂತ ಇ-ಮೇಲ್ ಬರೆದೆ. ಹನ್ನೆರಡು ದಿನ ಆದ ಮೇಲೆ ಉತ್ತರ ಬಂತು, ಜೊತೆಗೆ ಎರಡು ಪುಟದ ಪಿಡಿಎಫ್. ತಿಂಗಳುವಾರು ಸ್ಕೋರ್, ಒಟ್ಟು ದೂರ, ಹಸಿರು ಎಲೆಗಳ ಸಂಖ್ಯೆ. ಟ್ರಿಪ್‌ಗಳ ವಿವರ ಕೇಳಿದರೆ ಅದು 'ಆಂತರಿಕ ಬಳಕೆಗೆ' ಅಂತೆ. ಅಳಿಸುವುದರ ಬಗ್ಗೆ ಒಂದು ಸಾಲೂ ಇಲ್ಲ. ಹೆಂಡತಿಗೆ ತೋರಿಸಿದೆ. "ಅವತ್ತು ಮಧ್ಯಾಹ್ನ ನಾನು ಎಲ್ಲಿದ್ದೆ ಅಂತ ಅವರ ಹತ್ರ ಇನ್ನೂ ಇದೆ, ಅಲ್ವಾ?" ಅಂದಳು.

ಡಬ್ಬಿಯನ್ನು ಮಾತ್ರ ಹದಿನೈದು ದಿನದೊಳಗೆ ವಾಪಸ್ ಕಳಿಸಬೇಕು, ಇಲ್ಲದಿದ್ದರೆ ದಂಡ. ಅದು ಕಂಪನಿಯ ಆಸ್ತಿಯಂತೆ. ನಾಳೆ ಕೊರಿಯರ್ ಮಾಡುತ್ತೇನೆ.